ದಿಲ್ಮುನ್ ಶೋಧ: ಸಾಧನೆ ಮತ್ತು ಮಿತಿ

ಪರ್ಷಿಯನ್ ಕೊಲ್ಲಿಯ ದ್ವೀಪರಾಷ್ಟ್ರವಾದ ಬಹ್ರೇನಿನ ಪುರಾತತ್ತ್ವವನ್ನು ಹೊರಜಗತ್ತಿಗೆ ಪರಿಚಯಿಸಿದ ಗ್ರಂಥಗಳಲ್ಲಿ ಜೆಫ್ರಿ ಬಿಬ್ಬಿಯವರ 'ಲುಕಿಂಗ್ ಫಾರ್ ದಿಲ್ಮುನ್' (1969) ಮುಖ್ಯವಾದುದು. ಸುಮೇರಿಯನ್ನರ ಬರಹಗಳಲ್ಲಿ ಪವಿತ್ರಭೂಮಿಯಾಗಿಯೂ ತಾಮ್ರದ ಪೇಟೆಯಾಗಿಯೂ ಬರುವ ದಿಲ್ಮುನ್ ನಾಡನ್ನು ನೆಲದಲ್ಲಿ ಕಾಣುವುದು ಈ ಗ್ರಂಥದ ಹಂಬಲ. ಅದರ ಬಲವೂ ದೌರ್ಬಲ್ಯವೂ ಈ ಹಂಬಲದಲ್ಲಿಯೇ ಇವೆ.

ಬಿಬ್ಬಿಯವರಿಗಿಂತ ಮೊದಲು ಅಗೆದವರೆಲ್ಲ ಸಮಾಧಿ ದಿಬ್ಬಗಳನ್ನೇ ಅಗೆದಿದ್ದರು. 1925ರಲ್ಲಿ ಇಲ್ಲಿ ಕೆಲಸ ಮಾಡಿ, ಮುಂದೆ ಮೊಹೆಂಜೊದಾರೊ ಉತ್ಖನನದ ಹೊಣೆ ಹೊತ್ತ ಅರ್ನೆಸ್ಟ್ ಮ್ಯಾಕೆ, ಜನವಸತಿಯ ಕುರುಹು ಕಾಣದೆ, ಈ ದ್ವೀಪವು ಹೊರನಾಡಿನವರು ಹೆಣಗಳನ್ನು ತಂದು ಹೂಳುತ್ತಿದ್ದ ರುದ್ರಭೂಮಿಯಾಗಿತ್ತೆಂದು ತೀರ್ಮಾನಿಸಿದರು. ಹುಡುಕದಿದ್ದುದನ್ನು ಇಲ್ಲವೆಂದು ಬಗೆದ ತೀರ್ಮಾನವಿದು. 1953ರ ಕೊನೆಯಲ್ಲಿ ಪಿ.ವಿ. ಗ್ಲೋಬ್ ಅವರೊಡನೆ ಬಂದ ಬಿಬ್ಬಿ, ಬಾರ್ಬಾರ್ ದೇಗುಲವನ್ನೂ ಕಲ್‌ಅತ್ ಅಲ್-ಬಹ್ರೇನ್ ದಿಬ್ಬದಡಿಯ ನಗರಸ್ತರಗಳನ್ನೂ ಬೆಳಕಿಗೆ ತಂದುದರಿಂದ ಆ ವಾದದ ಬುಡವೇ ಸಡಿಲವಾಯಿತು.

ಗ್ರಂಥದ ಅತ್ಯುತ್ತಮ ಭಾಗ ತೂಕದ ಕಲ್ಲುಗಳ ವಿವೇಚನೆ. ನಗರದಲ್ಲಿ ದೊರೆತ ಬೊಟ್ಟುಗಳು ಮೆಸೊಪೊಟೇಮಿಯಾದ ಮಾನಕ್ಕಲ್ಲ, ಸಿಂಧೂ ಮಾನಕ್ಕೆ ಹೊಂದುತ್ತವೆ. ವ್ಯಾಪಾರದ ನಂಟು ಯಾವ ದಿಕ್ಕಿಗೆ ಬಲವಾಗಿತ್ತೆಂಬುದಕ್ಕೆ ಇದಕ್ಕಿಂತ ನಿರಾಡಂಬರವಾದ ಸಾಕ್ಷ್ಯ ಬೇಕಿಲ್ಲ. ಕರ್ನಾಟಕದವರೇ ಆದ ಎಸ್.ಆರ್. ರಾವ್ ಅವರು 1963ರಲ್ಲಿ ಪ್ರಕಟಿಸಿದ ಲೋಥಲಿನ ದುಂಡು ಮುದ್ರೆಯೂ ಇದೇ ನಂಟನ್ನು ಸೂಚಿಸುತ್ತದೆ. ಆದರೆ ಅದು ಮೇಲ್ಮೈಯಲ್ಲಿ ಸಿಕ್ಕ ವಸ್ತುವಾದುದರಿಂದ ಸ್ತರಬದ್ಧ ಸಾಕ್ಷ್ಯದ ಬೆಲೆ ಅದಕ್ಕಿಲ್ಲ.

ಹಾವುಗಳ ಪ್ರಕರಣದಲ್ಲಿ ಮಾತ್ರ ಈ ಎಚ್ಚರ ತಪ್ಪಿದೆ. ಅರಮನೆಯ ನೆಲದಡಿ ಬಟ್ಟಲುಗಳಲ್ಲಿ ಹೂತಿಟ್ಟ ಹಾವಿನ ಎಲುಬುಗಳೂ ಮಣಿ, ಮುತ್ತುಗಳೂ ದೊರೆತಾಗ ಬಿಬ್ಬಿ ಗಿಲ್ಗಮೆಶನ ಕಥೆಯನ್ನು ನೆನೆಯುತ್ತಾರೆ. ನೀರಿನಾಳದಿಂದ ತಂದ ಚಿರಯೌವನದ ಮೂಲಿಕೆಯನ್ನು ಹಾವು ಕದ್ದ ಕಥೆ ಅದು. ಮುತ್ತೇ ಆ ಮೂಲಿಕೆಯಿರಬೇಕೆಂಬುದು ಅವರ ಸೂಚನೆ. ಊಹೆ ಮನೋಹರ. ಆದರೆ ಪ್ರಳಯವನ್ನು ಗೆದ್ದವನು ದಿಲ್ಮುನ್‌ನಲ್ಲಿ ನೆಲೆಸಿದನೆಂದು ಹೇಳುವುದು ಸುಮೇರಿಯನ್ ಪ್ರಳಯಕಥೆ; ಗಿಲ್ಗಮೆಶ್ ಕಾವ್ಯ ಅವನನ್ನು 'ನದಿಗಳ ಮುಖ'ದಲ್ಲಿ ಇರಿಸುತ್ತದೆಯೇ ಹೊರತು ದಿಲ್ಮುನ್ ಹೆಸರೆತ್ತುವುದಿಲ್ಲ. ಎರಡು ಪಠ್ಯಗಳನ್ನು ಬೆಸೆದ ಮೇಲೆಯೇ ಬಟ್ಟಲು ಮಾತನಾಡುತ್ತದೆ. ಹಾವಿನ ಬಟ್ಟಲುಗಳಾದರೋ ದಿಲ್ಮುನ್‌ನ ಉಚ್ಛ್ರಾಯಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಈಚಿನವು.

ಪಠ್ಯದ ಈ ಮೋಹ ಬಿಬ್ಬಿಯವರಿಗೇ ಮುಗಿಯಲಿಲ್ಲ. 1982ರಲ್ಲಿ ಲ್ಯಾಂಬರ್ಗ್-ಕಾರ್ಲೊವ್‌ಸ್ಕಿ ಅಮರತ್ವದ ಪುರಾಣವನ್ನು ಆಧರಿಸಿ ರುದ್ರಭೂಮಿ ವಾದಕ್ಕೆ ಮರುಜೀವ ಕೊಟ್ಟರು. ಸ್ಥಳೀಯ ಜನಸಂಖ್ಯೆಯೇ ಇಷ್ಟು ಸಮಾಧಿಗಳಿಗೆ ಸಾಕೆಂದು ಬ್ರೂನೊ ಫ್ರೋಲಿಚ್ ಅವರು ಅದೇ ದಶಕದಲ್ಲಿ ಉತ್ತರಿಸಿದರು. ಫ್ರೋಲಿಚ್ ಅವರ ಪಕ್ಷವೇ ಗಟ್ಟಿಯೆಂಬುದಕ್ಕೆ ದಿಬ್ಬಗಳಿಂದಲೇ ಸಾಕ್ಷ್ಯ ಬಂದಿದೆ. 1879ರಲ್ಲಿ ಡ್ಯೂರಾಂಡ್ ಕಂಡ ಶಿಲಾಲೇಖದಲ್ಲಿ ರಿಮುಮ್ ಎಂಬವನ ಅರಮನೆಯ ಉಲ್ಲೇಖವಿತ್ತು. ಆಲಿ ಗ್ರಾಮದ ರಾಜಸಮಾಧಿಯೊಂದರಲ್ಲಿ ದೊರೆತ, 2017ರಲ್ಲಿ ಸ್ಟೆಫನ್ ಲಾರ್ಸೆನ್ ಪ್ರಕಟಿಸಿದ ಪಾತ್ರೆಬರಹ 'ರಿಮುಮನ ಮಗ ಯಗ್ಲಿ-ಎಲ್'ನನ್ನು ಹೆಸರಿಸುತ್ತದೆ. ಹೂಳಲ್ಪಟ್ಟವರು ಈ ನೆಲದ ಅರಸರೇ.

ಬಿಬ್ಬಿ ಲಕ್ಷದ ಲೆಕ್ಕದಲ್ಲಿ ಎಣಿಸಿದ ದಿಬ್ಬಗಳಲ್ಲಿ ಬಹುಪಾಲು ಮನೆ, ರಸ್ತೆಗಳಿಗಾಗಿ ನೆಲಸಮವಾಗಿವೆ. 2019ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು 21 ನೆಲೆಗಳ 11,774 ದಿಬ್ಬಗಳು. ಕಲ್‌ಅತ್ ಅಲ್-ಬಹ್ರೇನ್ ಅದಕ್ಕೂ 14 ವರ್ಷ ಮೊದಲೇ ಆ ಪಟ್ಟಿ ಸೇರಿತ್ತು.