ಟಲ್‌ನ ಟರ್ನಿಪ್ ಹೊಲ: ಇಳುವರಿಗೆ ಕಾರಣ ಉಳುಮೆಯೊಂದೇ ಆಗಿತ್ತೆ?

ಬಿತ್ತನೆ ಯಂತ್ರ ರೂಪಿಸಿದವನೆಂದು ಇಂಗ್ಲೆಂಡಿನ ಜೆತ್ರೊ ಟಲ್‌ನ (1674–1741) ಹೆಸರು ಪಠ್ಯಪುಸ್ತಕಗಳಲ್ಲಿ ಬರುತ್ತದೆ. (ಅಲ್ಲೇ ನಮ್ಮ ಕೂರಿಗೆಯ ಹೆಸರೂ ಬರಬೇಕಿತ್ತು, ಆ ಮಾತು ಬೇರೆ.) ಆದರೆ 1733ರಲ್ಲಿ ವಿಸ್ತಾರವಾಗಿ ಪ್ರಕಟವಾದ ಆತನ 'ಹಾರ್ಸ್-ಹೋಯಿಂಗ್ ಹಸ್ಬಂಡ್ರಿ' ಪುಸ್ತಕವನ್ನು ಓದುವವರು ವಿರಳ. ಸಾಲುಗಳ ನಡುವೆ ಕುದುರೆ ಎಳೆಯುವ ಎಡೆಕುಂಟೆಯನ್ನು ಮತ್ತೆ ಮತ್ತೆ ಹೊಡೆಯುವುದೇ ಅದರ ವಸ್ತು. ಗೋಧಿಯ ಜೊತೆಗೆ ಟರ್ನಿಪ್ ಗಡ್ಡೆಯ ಬೆಳೆಯನ್ನೂ ಅದು ವಿವರವಾಗಿ ಚರ್ಚಿಸುತ್ತದೆ.

ಟಲ್ ಒಳ್ಳೆಯ ವೀಕ್ಷಕ. ಉತ್ತ ಮಣ್ಣಿನಲ್ಲಿ ಬೇರು ಎಷ್ಟು ದೂರ ಹರಡುತ್ತದೆಂದು ಅಗೆದು ನೋಡಿದವನು. ಆದರೆ ಆತ ಕೊಟ್ಟ ಕಾರಣ ನಿಲ್ಲುವುದಿಲ್ಲ. ಬೇರೆಂದರೆ ಒಳಮಗ್ಗುಲು ಹೊರಕ್ಕೆ ತಿರುಗಿದ ಕರುಳು. ಅದು ಮಣ್ಣಿನ ಸೂಕ್ಷ್ಮ ಕಣಗಳನ್ನೇ ತಿನ್ನುತ್ತದೆ. ಆದ್ದರಿಂದ ಪುಡಿ ಮಾಡಿದಷ್ಟೂ ಆಹಾರ ಹೆಚ್ಚು, ಗೊಬ್ಬರ ಅನಗತ್ಯ ಎಂದು ಆತನ ವಾದ. ಬೇರು ಹೀರುವುದು ನೀರನ್ನು ಮತ್ತು ಅದರಲ್ಲಿ ಕರಗಿದ ಅಯಾನುಗಳನ್ನು ಎಂಬುದು ಸ್ಪಷ್ಟವಾದದ್ದು ಬಹಳ ತಡವಾಗಿ, 19ನೆಯ ಶತಮಾನದಲ್ಲಿ. ಹಾಗಾಗಿ ಈ ತಪ್ಪಿಗೆ ಆತನನ್ನು ದೂರುವುದು ನ್ಯಾಯವಲ್ಲ.

ಉಳುಮೆ ಬದಲಿಸುವುದು ಕಣವನ್ನಲ್ಲ, ಕಣಗಳ ನಡುವಿನ ಜಾಗವನ್ನು. ಖನಿಜ ಕಣಗಳ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.65 ಗ್ರಾಂ. ಒಣ ಮಣ್ಣಿನ ಒಟ್ಟು ಸಾಂದ್ರತೆ 1.6 ಗ್ರಾಂ ಇದ್ದರೆ ಖಾಲಿ ಜಾಗ ಶೇಕಡ 40, ಉತ್ತು 1.3ಕ್ಕೆ ಇಳಿಸಿದರೆ ಶೇಕಡ 51. ಗಡ್ಡೆ ಉಬ್ಬುವಾಗ ಸುತ್ತಲಿನ ಮಣ್ಣನ್ನು ತಾನೇ ತಳ್ಳಬೇಕಲ್ಲವೆ? ಸಡಿಲ ಮಣ್ಣಿನಲ್ಲಿ ಅದಕ್ಕೆ ಬೇಕಾಗುವ ಬಲ ಕಡಿಮೆ. ಆದರೆ ಈ ಲಾಭ ತಾತ್ಕಾಲಿಕ. ತೀರ ಪುಡಿಯಾದ ಮಣ್ಣಿನ ಮೇಲೆ ಮಳೆ ಬಿದ್ದರೆ ರಂಧ್ರಗಳು ಮುಚ್ಚಿ ಹೆಪ್ಪುಗಟ್ಟುತ್ತವೆ. ಪ್ರತಿವರ್ಷ ಒಂದೇ ಆಳಕ್ಕೆ ಉತ್ತರೆ ನೇಗಿಲಿನ ಕೆಳಗೆ ಗಟ್ಟಿ ಪದರ ಬೆಳೆಯುತ್ತದೆ. ಅದಕ್ಕೆ ತಾಗಿದ ಕ್ಯಾರೆಟ್ ಕವಲೊಡೆಯುತ್ತದೆ.

ನನ್ನ ಮುಖ್ಯ ಆಕ್ಷೇಪಣೆ ಬೇರೆ. ಟಲ್ ಏಕಕಾಲಕ್ಕೆ ಮೂರನ್ನು ಬದಲಿಸಿದ: ಗಿಡಗಳ ಅಂತರ, ಕಳೆಯ ಪ್ರಮಾಣ, ಮಣ್ಣಿನ ಸಡಿಲತೆ. ಕೀರ್ತಿಯನ್ನೆಲ್ಲ ಕೊನೆಯದಕ್ಕೆ ಕಟ್ಟಿದ. ಒತ್ತಾಗಿ ಚೆಲ್ಲಿದ ಟರ್ನಿಪ್ ಗಡ್ಡೆ ಕಟ್ಟದು. ಕಳೆ ನೀರನ್ನೂ ಬೆಳಕನ್ನೂ ಕಸಿಯುತ್ತದೆ. ಎಡೆಕುಂಟೆಯ ಫಲದಲ್ಲಿ ಇವುಗಳ ಪಾಲೆಷ್ಟು? ಪುಸ್ತಕದ ದತ್ತಾಂಶದಿಂದ ಹೇಳಲಾಗದು. 'ಹೆಚ್ಚು ಉತ್ತಷ್ಟೂ ಹೆಚ್ಚು ಬೆಳೆ' ಎಂದು ನಾವು ತರಗತಿಯಲ್ಲಿ ಹೇಳುವಾಗ ಇದೇ ತಪ್ಪನ್ನು ಮಾಡುತ್ತೇವೆ.

ಪರೀಕ್ಷಿಸಲು ಶಾಲೆಯ ಕೈತೋಟದಲ್ಲಿ ಮೂಲಂಗಿಯ ನಾಲ್ಕು ಮಡಿ ಸಾಕು. ಎರಡನ್ನು ಅಗೆಯಿರಿ, ಎರಡನ್ನು ಹಾಗೇ ಬಿಡಿ. ಪ್ರತಿ ಜೋಡಿಯಲ್ಲಿ ಒಂದರ ಕಳೆಯನ್ನು ಮಾತ್ರ ಕೈಯಿಂದ ಕೀಳಿ. ಬೀಜದ ಅಂತರ, ನೀರು ಎಲ್ಲಕ್ಕೂ ಒಂದೇ ಇರಲಿ. ಸುಮಾರು ಒಂದೂವರೆ ತಿಂಗಳಿಗೆ ಕಿತ್ತು, ಎಲೆ ಕತ್ತರಿಸಿ, ಮಣ್ಣು ತೊಳೆದು ತೂಗಿ.