ಕಟ್ಟು ಕೆಟ್ಟರೆ ಬಸ್ಸಾರಿಲ್ಲ

ಹಿರೀಸಾವೆ ಕಡೆಯ ಹೆದ್ದಾರಿ ಹೋಟೆಲಿನಲ್ಲಿ ಇಡ್ಲಿ ಜೊತೆ ಬರುವ ಸಾಂಬಾರು ಒಂದು ಬಗೆ. ಅದೇ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಊರುಗಳ ಒಲೆ ಮೇಲೆ ಕುದಿಯುವ ಬಸ್ಸಾರು ಇನ್ನೊಂದು. ಬೇಳೆ, ಸೊಪ್ಪು-ತರಕಾರಿ, ಹುಣಸೆ, ಖಾರ, ಎರಡಕ್ಕೂ ಇಷ್ಟೇ ಬಂಡವಾಳ. ಆದರೆ ಸಾಂಬಾರಿನಲ್ಲಿ ಬೇಳೆ ಕರಗಿ ಒಂದಾಗಬೇಕು. ಬಸ್ಸಾರಿನಲ್ಲಿ ಬೇಳೆ ಕರಗಿತೋ, ಅಡುಗೆ ಕೆಟ್ಟಿತು.

ಚನ್ನರಾಯಪಟ್ಟಣ ತಾಲ್ಲೂಕಿನ ಈ ಹೋಬಳಿ ತೆಂಗು, ರಾಗಿಯ ಸೀಮೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಅಲಸಂದೆ ಹಾಕುವುದು ಹಳೆಯ ರೂಢಿ. ಮಳೆ ಬಿದ್ದಮೇಲೆ ಪೈರಿನ ನಡುವೆ ಅಣ್ಣೆಸೊಪ್ಪು ತಾನಾಗಿ ಏಳುತ್ತದೆ. ಕಳೆ ಕೀಳಲು ಹೋದವರು ಎಳೆ ಕುಡಿಗಳನ್ನು ಮಡಿಲಿಗೆ ಹಾಕಿಕೊಂಡು ಬರುತ್ತಾರೆ. ಮುದ್ದೆ, ಕಾಳು, ಸೊಪ್ಪು ಮೂರೂ ಒಂದೇ ಹೊಲದ್ದು. ಕಳೆನಾಶಕ ಹೊಡೆದ ಹೊಲದಲ್ಲಿ ಈ ಲೆಕ್ಕ ಕೂಡುವುದಿಲ್ಲ, ಆಗ ಸಂತೆಯ ದಂಟಿನ ಸೊಪ್ಪೇ ಗತಿ.

ಮಾಡುವ ಕ್ರಮ ಸರಳ, ಹದ ಮಾತ್ರ ಕಷ್ಟ. ತೊಗರಿಬೇಳೆಯನ್ನೋ ಹೆಸರುಕಾಳನ್ನೋ ಧಾರಾಳ ನೀರಿನಲ್ಲಿ ಬೇಯಲಿಟ್ಟು, ಮುಕ್ಕಾಲು ಬೆಂದಾಗ ಸೊಪ್ಪು, ಉಪ್ಪು ಹಾಕುತ್ತಾರೆ. ಬೇಳೆಯನ್ನು ಎರಡು ಬೆರಳ ನಡುವೆ ಹಿಸುಕಿದರೆ ಚಪ್ಪಟೆಯಾಗಬೇಕು, ಪುಡಿಯಾಗಬಾರದು. ಆ ಗಳಿಗೆಯಲ್ಲಿ ಬಸಿದರೆ ಕಟ್ಟು ತೆಳ್ಳಗೆ, ಸೊಪ್ಪಿನ ಬಣ್ಣ ಹೊತ್ತು ಇಳಿಯುತ್ತದೆ. ಕೆಂಪು ದಂಟಾದರೆ ಕೆಂಪಗೆ. ಐದು ನಿಮಿಷ ತಡವಾದರೆ ಇಳಿಯುವುದು ಗಂಜಿ. ಕುಕ್ಕರನ್ನು ಬೈಯುವವರು ಬಹಳ. ನಿಜಕ್ಕೂ ತಪ್ಪು ಕುಕ್ಕರಿನದಲ್ಲ, ಬೇಳೆ ಸೊಪ್ಪು ಎರಡನ್ನೂ ಒಟ್ಟಿಗೆ ತುಂಬಿ ಮೂರು ವಿಶಲ್ ಕೂಗಿಸುವ ಅವಸರದ್ದು.

ಆಮೇಲಿನದು ಖಾರ. ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ತುಸು ಕಾಯಿ, ಹುಣಸೆ, ಬೇಸಿಗೆಯಲ್ಲಿ ಮಿಲ್ಲಿಗೆ ಹಾಕಿಸಿಟ್ಟ ಸಾಂಬಾರು ಪುಡಿ, ಜೊತೆಗೆ ಬೆಂದ ಬೇಳೆ-ಸೊಪ್ಪಿನಲ್ಲೇ ಒಂದು ಹಿಡಿ. ಇದನ್ನು ನುಣ್ಣಗೆ ರುಬ್ಬಿ ಕಟ್ಟಿಗೆ ಕಲಸಿ ಕುದಿಸುವುದು. ಹುಣಸೆ ಮೊದಲೇ ಬಿದ್ದರೆ ಅದರ ಹುಳಿಗೆ ಬೇಳೆ ಬೇಯದೆ ಗಟ್ಟಿಯಾಗಿ ಉಳಿಯುತ್ತದೆ. ಬಸಿದ ಮೇಲೆ ಹುಣಸೆ ಸೇರಿಸುವ ಈ ಕ್ರಮದಲ್ಲಿ ಆ ತೊಡಕೇ ಇಲ್ಲ.

ತೆಂಗಿನ ಸೀಮೆಯ ದೌರ್ಬಲ್ಯವೂ ಇಲ್ಲೇ ಕಾಣುತ್ತದೆ. ಹಿತ್ತಲಲ್ಲಿ ಕಾಯಿ ಬಿದ್ದಿರುವಾಗ ಕೈ ಬಿಗಿಹಿಡಿಯುವುದು ಕಷ್ಟ. ಅರ್ಧ ಹೋಳು ರುಬ್ಬಿದರೆ ಸಾರು ಸಿಹಿಯಾಗಿ, ಮಂದವಾಗಿ, ಅಣ್ಣೆಸೊಪ್ಪಿನ ಮಣ್ಣಿನ ವಾಸನೆ ಅದರಡಿ ಮುಚ್ಚಿಹೋಗುತ್ತದೆ. ಪ್ಯಾಕೆಟ್ ಪುಡಿ ಇನ್ನೂ ಕೆಟ್ಟದ್ದು. ಬೇಳೆ ಕದಡಿದ ಹುಳಿಗೆ ಮೆಂತ್ಯ, ಇಂಗು ಮುಂದಾದ ಆ ಪುಡಿ ಸರಿಹೊಂದಬಹುದು, ತಿಳಿ ಕಟ್ಟಿಗೆ ಬಿದ್ದರೆ ಎಲ್ಲ ಸೊಪ್ಪೂ ಒಂದೇ ರುಚಿ. ನಗರದ ‘ಮುದ್ದೆ ಊಟ’ದ ಹೋಟೆಲುಗಳಲ್ಲಿ ಬಸ್ಸಾರೆಂದು ಬಡಿಸುವುದರಲ್ಲಿ ಈ ಎರಡೂ ದೋಷ ಒಟ್ಟಿಗೆ ಸಿಗುವುದುಂಟು.

ಬಸಿದುಳಿದ ಬೇಳೆ-ಸೊಪ್ಪಿಗೆ ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು, ಮೇಲೆ ಕಾಯಿತುರಿ ಉದುರಿಸಿದರೆ ಪಲ್ಯ. ಕಾಯಿ ಧಾರಾಳವಾಗಿ ಹಾಕಬೇಕಾದ್ದು ಇಲ್ಲಿ. ಬೇಯಿಸುವಾಗ ಉಪ್ಪು ಕಡಿಮೆಯಾಗಿದ್ದರೆ ಸಾರಿನಲ್ಲಿ ತಿದ್ದಿಕೊಳ್ಳಬಹುದು, ಪಲ್ಯಕ್ಕೆ ಮೇಲುಪ್ಪು ಒಳಗೆ ಇಳಿಯುವುದಿಲ್ಲ. ಅದಕ್ಕೇ ತಿಳಿದವರು ಬಸಿಯುವ ಮೊದಲೇ ಒಂದು ಕಾಳು ಬಾಯಿಗೆ ಹಾಕಿ ನೋಡುತ್ತಾರೆ.

ಮುದ್ದೆ ಮುರಿದು ಅದ್ದಿ ನುಂಗುವುದಕ್ಕೆ ಈ ತೆಳುವೇ ಸರಿ. ಅನ್ನಕ್ಕೆ ಮೊದಲ ದಿನದ ಬಸ್ಸಾರು ನೀರು ನೀರು, ಒಪ್ಪಿಕೊಳ್ಳಲೇಬೇಕು. ಮಾರನೆಯ ದಿನ ಕುದಿಸಿ ಕುದಿಸಿ ಅರ್ಧಕ್ಕಿಳಿಸಿದ್ದು ಮಾತ್ರ ಅನ್ನಕ್ಕೂ ಹಿಡಿಯುತ್ತದೆ. ಅಷ್ಟರಲ್ಲಿ ಬೆಳ್ಳುಳ್ಳಿಯ ಘಾಟು ಹೋಗಿ, ಹುಣಸೆ ಖಾರ ಒಂದಾಗಿರುತ್ತವೆ.