ಅಗ್ಗಕ್ಕೆ ದೊರೆತ ಬೆಲೆಬಾಳುವ ವಸ್ತ್ರ: ಅಚೌರ್ಯಾಣುವ್ರತದ ದೃಷ್ಟಿಯಿಂದ ಒಂದು ವಿಮರ್ಶೆ

ಗೃಹಸ್ಥಧರ್ಮದ ಪರೀಕ್ಷೆ ಬಸದಿಯಲ್ಲಿ ನಡೆಯುವುದಕ್ಕಿಂತ ಹೆಚ್ಚಾಗಿ ಅಂಗಡಿಯಲ್ಲಿ ನಡೆಯುತ್ತದೆ ಎಂಬುದು ಶ್ರಾವಕಾಚಾರ ಗ್ರಂಥಗಳನ್ನು ಬಲ್ಲವರಿಗೆ ಹೊಸ ಮಾತೇನೂ ಅಲ್ಲ. ಅಳತೆ, ತೂಕ, ಬೆಲೆ, ಲಾಭಗಳ ವಿಷಯದಲ್ಲಿ ಆಚಾರ್ಯರು ತೋರಿರುವ ಸೂಕ್ಷ್ಮದೃಷ್ಟಿ ಬೆರಗು ಹುಟ್ಟಿಸುವಂಥದು. ಆದರೆ ಈ ಕಟ್ಟುಪಾಡುಗಳೆಲ್ಲ ಮಾರುವವನಿಗೆ ಮಾತ್ರ ಅನ್ವಯಿಸುತ್ತವೆ, ಹಣ ಕೊಟ್ಟು ಕೊಳ್ಳುವವನಿಗೆ ಇವುಗಳ ಬಾಧೆಯಿಲ್ಲ ಎಂಬ ತಪ್ಪು ತಿಳಿವಳಿಕೆ ಸಮಾಜದಲ್ಲಿ ಬೇರೂರಿದೆ. ಕೇಳಿದ ಬೆಲೆಗೆ ಕೊಂಡವನು ದಾನಿ, ಅರ್ಧ ಬೆಲೆಗೆ ಕೊಂಡವನು ಜಾಣ ಎಂದಷ್ಟೇ ಲೋಕ ಲೆಕ್ಕ ಹಾಕುತ್ತದೆ. ಆ ಉಳಿದ ಅರ್ಧ ಯಾರ ಗಂಟಿನಿಂದ ಬಂದಿತೆಂದು ಕೇಳುವವರು ವಿರಳ.

ಉಡುಪಿನ ವಿಷಯದಲ್ಲಿ ಈ ಜಾಣತನವು ಇಂದು ಒಂದು ಹವ್ಯಾಸವೇ ಆಗಿದೆ. ಮದುವೆ ಮುಂಜಿಗಳಲ್ಲಿ ಹೆಂಗಳೆಯರು ಕೂಡಿದಾಗ ಸೀರೆಯ ಅಂದಕ್ಕಿಂತ ಅದು ಎಷ್ಟು ಕಡಿಮೆಗೆ ದೊರೆಯಿತೆಂಬ ಮಾತೇ ಹೆಚ್ಚು. ಗಂಡಸರೂ ಇದಕ್ಕೆ ಹೊರತಲ್ಲ. ವಿದೇಶೀ ಹೆಸರಿನ ಅಂಗಿಯನ್ನು ತೊಟ್ಟು, ಅದರ ನಿಜಬೆಲೆಯ ನಾಲ್ಕನೆಯ ಒಂದು ಪಾಲಿಗೆ ತಂದೆನೆಂದು ಹೇಳಿಕೊಳ್ಳುವುದರಲ್ಲಿ ಅವರಿಗೂ ಸುಖವಿದೆ. ಬೆಂಗಳೂರಿನಲ್ಲಿ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳು, ಹೆದ್ದಾರಿಯ ಬದಿಯಲ್ಲಿ ಫ್ಯಾಕ್ಟರಿ ಔಟ್‌ಲೆಟ್‌ಗಳು, ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಯಿಂದಲೇ ನೇರವಾಗಿ ಕೊಳ್ಳುವ ಸೀರೆ, ಹೀಗೆ ಈ ಹವ್ಯಾಸಕ್ಕೆ ದಾರಿಗಳು ಹಲವು. ಬೆಂಗಳೂರು ಗ್ರಾಮಾಂತರ ಜಿಲ್ಲೆಯಾದರೋ ಇಂಥ ವಸ್ತ್ರಗಳು ನೇಯಲ್ಪಡುವ, ಹೊಲಿಯಲ್ಪಡುವ ಸ್ಥಳವೇ ಆಗಿದೆ. ಆದುದರಿಂದ ಪ್ರಶ್ನೆಯನ್ನು ಇಲ್ಲಿಂದಲೇ ಎತ್ತಿಕೊಳ್ಳುವುದು ಉಚಿತ.

ಈ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ಮಣ್ಣೆ ಗ್ರಾಮವೇ ಗಂಗರ ಮಾನ್ಯಪುರ. ಗಂಗರ ಸೇನಾಪತಿ ಶ್ರೀವಿಜಯನು ಅಲ್ಲಿ ಜಿನಾಲಯವನ್ನು ಕಟ್ಟಿಸಿದುದನ್ನು 797ನೆಯ ಇಸವಿಯ ತಾಮ್ರಶಾಸನ ತಿಳಿಸುತ್ತದೆ. ಅದಕ್ಕೂ ಹಿಂದಿನ ಗಂಗದೊರೆ ದುರ್ವಿನೀತನಿಗೆ ಗುರುಗಳಾಗಿದ್ದರೆಂದು ಪರಂಪರೆ ಹೇಳುವ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ ವ್ಯಾಖ್ಯಾನವೇ ಸರ್ವಾರ್ಥಸಿದ್ಧಿ. ಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಎಂಬುದೂ ಒಂದು. ಇದನ್ನು ವಿವರಿಸುತ್ತ ಪೂಜ್ಯಪಾದರು, ರಾಜ್ಯದ ವ್ಯವಸ್ಥೆ ಕೆಟ್ಟಿರುವ ಕಡೆ ಬೆಲೆಬಾಳುವ ವಸ್ತುಗಳು ಅಲ್ಪಮೂಲ್ಯಕ್ಕೆ ಸಿಗುತ್ತವೆಂದು ಅವುಗಳಿಗಾಗಿ ಹವಣಿಸುವುದು ಈ ದೋಷವೆಂಬ ಅಭಿಪ್ರಾಯವನ್ನು ಕೊಡುತ್ತಾರೆ. ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ರೀತಿಯಲ್ಲಿ ಕೊಡುವುದು ಮಾತ್ರವಲ್ಲದೆ ತೆಗೆದುಕೊಳ್ಳುವುದೂ ಇದರಲ್ಲಿ ಸೇರುತ್ತದೆ. ಎಂದರೆ, ದುಬಾರಿ ವಸ್ತುವನ್ನು ಅಗ್ಗಕ್ಕೆ ಪಡೆಯುವ ಹಂಬಲವು ಪ್ರಾಚೀನರಿಗೆ ಅಪರಿಚಿತವಾಗಿರಲಿಲ್ಲ. ಕೊಳ್ಳುವವನ ಕಡೆಯಿಂದಲೂ ಅದನ್ನು ಅವರು ಚೌರ್ಯದ ನೆರೆಯಲ್ಲಿಯೇ ಇರಿಸಿದ್ದರು.

ಹಾಗಾದರೆ ಅಗ್ಗವಾದುದನ್ನು ಕೊಳ್ಳುವುದೆಲ್ಲ ಪಾಪವೇ? ಹಾಗೆ ಹೇಳುವುದು ಏಕಾಂತವಾದವಾಗುತ್ತದೆ. ಬೆಲೆ ಇಳಿದಿರುವುದಕ್ಕೆ ಕಾರಣಗಳು ಹಲವಿರುವುದರಿಂದ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಮೊದಲನೆಯದು ಉಳಿಕೆಯ ಮಾಲು. ರಫ್ತಿನ ಕಾರ್ಖಾನೆಗಳಲ್ಲಿ ದೋಷಪೂರಿತ ತುಂಡುಗಳಿಗೆ ಬದಲಿಯಾಗಿ ಇರಲೆಂದು ಬೇಡಿಕೆಗಿಂತ ತುಸು ಹೆಚ್ಚಾಗಿಯೇ ಬಟ್ಟೆ ಕತ್ತರಿಸುವುದು ರೂಢಿ. ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ಹೊಲಿಗೆಯಲ್ಲಿ ಒಂದು ಜಾರು, ಗುಂಡಿಯ ಸಾಲಿನಲ್ಲಿ ಸಣ್ಣ ಓರೆ ಇದ್ದರೂ ಅಂಥ ಅಂಗಿಯನ್ನು ಪರೀಕ್ಷಕರು ತೆಗೆದಿಡುತ್ತಾರೆ. ಋತು ಮುಗಿದ ಮೇಲೆ ಮಾಲನ್ನು ಕೊಳ್ಳುವವರು ಹೊರದೇಶದಲ್ಲಿಲ್ಲ. ಇವು ಕಂಪನಿಯ ಅನುಮತಿಯಿಂದ, ಅನೇಕ ವೇಳೆ ಹೆಸರಿನ ಲೇಬಲ್ಲನ್ನು ಕತ್ತರಿಸಿ, ಒಳನಾಡಿನ ಪೇಟೆಗೆ ಬರುತ್ತವೆ. ಹತ್ತಿ ಬೆಳೆಯಲು, ಬಣ್ಣ ಹಾಕಲು ಎಷ್ಟೋ ಜೀವಗಳ ಹಾನಿಯಾಗಿರುವಾಗ, ಸಿದ್ಧವಾದ ಬಟ್ಟೆಯನ್ನು ಸುಡುವುದಕ್ಕಿಂತ ಉಡುವುದೇ ಲೇಸು. ಸಣ್ಣ ದೋಷವನ್ನು ದೋಷವೆಂದೇ ಹೇಳಿ ಮಾರುವವನಲ್ಲಿಯೂ, ತಿಳಿದು ಕೊಳ್ಳುವವನಲ್ಲಿಯೂ ಅತಿಚಾರ ಕಾಣುವುದಿಲ್ಲ. ಆದರೆ ಇಂಥ ಮಾಲು ಕಾರ್ಖಾನೆಯ ಹಿಂಬಾಗಿಲಿನಿಂದ ಕದ್ದು ಬಂದುದಾದರೆ ಕತೆಯೇ ಬೇರೆ. ತಾನು ಪ್ರೇರೇಪಿಸದಿದ್ದರೂ, ಅನುಮೋದಿಸದಿದ್ದರೂ ಕಳ್ಳನು ತಂದ ವಸ್ತುವನ್ನು ಕೈನೀಡಿ ಪಡೆಯುವುದೇ ತದಾಹೃತಾದಾನವೆಂಬ ಅತಿಚಾರ. ಬಿಲ್ಲಿಲ್ಲದೆ, ಮೂಲ ಹೇಳದೆ, ಗೋಣಿಚೀಲದಿಂದ ತೆಗೆದು ಮಾರುವವನನ್ನು ಕಂಡಾಗ ಶ್ರಾವಕನು ಇದನ್ನು ನೆನೆಯಬೇಕು.

ಎರಡನೆಯದು ನಕಲಿ ಹೆಸರು. ಎಲ್ಲಿಯೋ ಹೊಲಿದ ಅಂಗಿಗೆ ಪ್ರಸಿದ್ಧ ಕಂಪನಿಯ ಲೇಬಲ್ ಅಂಟಿಸಿ ಮಾರುವ ವ್ಯಾಪಾರವು ರಾಜಶಾಸನಕ್ಕೂ ವಿರುದ್ಧವಾದುದು. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಂತೆ ಹೀಗೆ ಮಾರುವುದಕ್ಕೆ 6 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸವಿದೆ. ಸೂತ್ರಕಾರರು ಇದನ್ನು ಪ್ರತಿರೂಪಕವ್ಯವಹಾರವೆಂದು ಕರೆದಿದ್ದಾರೆ. ಇಲ್ಲಿ ಕೊಳ್ಳುವವನು ಮೋಸಹೋದವನಾಗಿದ್ದರೆ ಅವನು ದಯೆಗೆ ಪಾತ್ರ. ಆದರೆ ಇಂದಿನ ದಿನಗಳಲ್ಲಿ ಅನೇಕರು ನಕಲಿಯೆಂದು ತಿಳಿದೇ ಕೊಳ್ಳುತ್ತಾರೆ. ಅವರಿಗೆ ಬೇಕಾದುದು ಬಟ್ಟೆಯಲ್ಲ, ಬಟ್ಟೆಯ ಮೇಲಿನ ಹೆಸರು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಸದ್ಗೃಹಸ್ಥನ ಗುಣಗಳನ್ನು ಎಣಿಸುವಾಗ ವೇಷವು ವಿತ್ತಕ್ಕೆ ಅನುಗುಣವಾಗಿರಬೇಕೆಂದು ಹೇಳಿದ್ದಾರೆ. ತನ್ನಲ್ಲಿಲ್ಲದ ಸಿರಿಯನ್ನು ಇದೆಯೆಂದು ಹೆಗಲ ಮೇಲೆ ಹೊತ್ತು ತೋರಿಸುವವನು ಅಚೌರ್ಯವನ್ನಷ್ಟೇ ಅಲ್ಲದೆ ಸತ್ಯವನ್ನೂ ಕೆಡಿಸಿಕೊಳ್ಳುತ್ತಾನೆ.

ಮೂರನೆಯ ಕಾರಣವು ದೊಡ್ಡಬಳ್ಳಾಪುರಕ್ಕೆ ಹತ್ತಿರವಾದುದು. ಇಲ್ಲಿಯ ಸಾವಿರಾರು ವಿದ್ಯುತ್ ಮಗ್ಗಗಳಲ್ಲಿ ರೇಷ್ಮೆಯೂ, ರೇಷ್ಮೆಯಂತೆ ಹೊಳೆಯುವ ಕೃತಕ ನೂಲೂ ಸೀರೆಯಾಗುತ್ತವೆ. ಮೇಲ್ನೋಟಕ್ಕೆ ಎರಡನ್ನೂ ಬೇರ್ಪಡಿಸಿ ಹೇಳುವುದು ಕಷ್ಟ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸದೃಶಸನ್ಮಿಶ್ರ ಎಂಬ ಅತಿಚಾರವನ್ನು ಹೇಳಿದ್ದಾರೆ; ನೋಡಲು ಒಂದೇ ತೆರನಾದ ವಸ್ತುಗಳನ್ನು ಬೆರೆಸಿ ಮಾರುವುದು ಎಂದು ಅದರ ತಾತ್ಪರ್ಯ. ಕೃತಕ ನೂಲಿನ ಸೀರೆಯನ್ನು ಅಪ್ಪಟ ರೇಷ್ಮೆಯೆಂದು ಮಾರಿದರೆ ಈ ದೋಷ ತಟ್ಟುತ್ತದೆ. ಇಂಥ ವಂಚನೆಯನ್ನು ತಡೆಯಲೆಂದೇ ಕೇಂದ್ರ ರೇಷ್ಮೆ ಮಂಡಳಿಯು 2004ರಲ್ಲಿ ಸಿಲ್ಕ್ ಮಾರ್ಕ್ ಎಂಬ ಮುದ್ರೆಯನ್ನು ಜಾರಿಗೆ ತಂದಿತು.

ಇಲ್ಲಿ ಜೈನ ಗೃಹಸ್ಥನು ಇನ್ನೊಂದು ಮಾತನ್ನು ಮರೆಯಬಾರದು. ಅಪ್ಪಟ ರೇಷ್ಮೆಯೆಂದರೆ ಏನು? ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮಾರುಕಟ್ಟೆಗೆ ಬರುವ ಗೂಡುಗಳೊಳಗೆ ಜೀವವಿದೆ. ಹುಳು ಚಿಟ್ಟೆಯಾಗಿ ಗೂಡನ್ನು ಕೊರೆದರೆ ಎಳೆ ತುಂಡಾಗುವುದರಿಂದ, ಅದಕ್ಕೆ ಮೊದಲೇ ಬಿಸಿಗೆ ಒಡ್ಡಿ ಅದನ್ನು ಕೊಲ್ಲುತ್ತಾರೆ. ಒಂದು ಸೀರೆಗೆ ಇಂಥ ಗೂಡುಗಳು ಸಾವಿರಾರು ಬೇಕು. ಅಹಿಂಸೆಯನ್ನು ಮೂಲವ್ರತವಾಗಿ ಉಳ್ಳವರಿಗೆ ಅನುಕರಣೆಯ ರೇಷ್ಮೆಯೇ ಅಸಲಿಗಿಂತ ಮೇಲು ಎನ್ನದೆ ಗತಿಯಿಲ್ಲ. ಪೂಜ್ಯಪಾದರು ಪ್ರತಿರೂಪಕವ್ಯವಹಾರವನ್ನು ವಿವರಿಸುವಾಗ ಕೃತಕ ಹೊನ್ನು ಮೊದಲಾದುವುಗಳಿಂದ ವಂಚನೆಯನ್ನು ಮುಂದಿಟ್ಟುಕೊಂಡು ನಡೆಸುವ ವ್ಯವಹಾರ ಎಂದಿರುವುದನ್ನು ಗಮನಿಸಬೇಕು. ಅವರು ನಿಂದಿಸಿದ್ದು ವಂಚನೆಯನ್ನು. ಕೃತಕವನ್ನು ಕೃತಕವೆಂದೇ ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಿದರೆ ಅದರಲ್ಲಿ ಕಳಂಕವಿಲ್ಲ. ದೊಡ್ಡಬಳ್ಳಾಪುರದ ಕೃತಕ ನೂಲಿನ ಸೀರೆಯನ್ನು ಅದರ ಹೆಸರಿನಿಂದಲೇ ಕೇಳಿ ಕೊಂಡು, ಮದುವೆಯ ಚಪ್ಪರದಲ್ಲಿ ಸಂಕೋಚವಿಲ್ಲದೆ ಉಡುವ ಶ್ರಾವಿಕೆಯು ಎರಡು ವ್ರತಗಳನ್ನು ಒಮ್ಮೆಗೇ ಪಾಲಿಸಿದಂತಾಗುತ್ತದೆ. ಅದನ್ನೇ ರೇಷ್ಮೆಯೆಂದು ನೆಂಟರಿಗೆ ಹೇಳಿದರೆ ಆ ಫಲ ಕೆಡುತ್ತದೆ.

ವಿನ್ಯಾಸದ ನಕಲು ಇದಕ್ಕೆ ಸೇರಿದ ಮತ್ತೊಂದು ಜಟಿಲ ವಿಷಯ. ಇತ್ತೀಚಿನ ವರ್ಷಗಳಲ್ಲಿ ದೊಡ್ಡಬಳ್ಳಾಪುರದ ನೇಕಾರರು ಸೂರತ್ ಸೀರೆಗಳ ವಿರುದ್ಧ ದನಿಯೆತ್ತಿದ್ದಾರೆ. ತಮ್ಮ ಸೀರೆಗಳ ವಿನ್ಯಾಸವನ್ನೇ ಅನುಕರಿಸಿ, ಅತಿವೇಗದ ಮಗ್ಗಗಳಲ್ಲಿ ನೇಯ್ದು, ತಮಗೆ ತಗಲುವ ಖರ್ಚಿಗಿಂತಲೂ ಕಡಿಮೆ ಬೆಲೆಗೆ ಇಲ್ಲಿಯೇ ತಂದು ಮಾರುತ್ತಾರೆಂಬುದು ಅವರ ಅಳಲು. ಈ ಅಳಲಿನಲ್ಲಿ ಸತ್ಯವಿದೆ. ಆದರೆ ವಿದ್ಯುತ್ ಮಗ್ಗಗಳು ಕೈಮಗ್ಗದ ವಿನ್ಯಾಸಗಳನ್ನು ಅಪಹರಿಸುತ್ತವೆಂಬ ಆಕ್ಷೇಪವೂ ಹಳೆಯದೇ; ಕೆಲವು ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾಯಿದೆ 1985ರಲ್ಲಿ ಬಂದುದು ಆ ಕಾರಣದಿಂದಲೇ. ಇನ್ನೊಬ್ಬನ ಕೈಚಳಕವನ್ನು ಪುಕ್ಕಟೆಯಾಗಿ ಪಡೆಯುವ ಸರಪಣಿಯಲ್ಲಿ ಪ್ರತಿಯೊಬ್ಬನೂ ತನ್ನ ಮುಂದಿನವನನ್ನು ದೂರುತ್ತಾನೆ. ಸರಪಣಿಯ ಕೊನೆಯಲ್ಲಿ ನಿಂತು ಎಲ್ಲರಿಗಿಂತ ಕಡಿಮೆ ಬೆಲೆ ಕೇಳುವ ಗ್ರಾಹಕನೇ ಅದನ್ನು ಎಳೆಯುತ್ತಿರುವವನೆಂಬುದು ಅವನಿಗೆ ತೋರುವುದಿಲ್ಲ.

ನಾಲ್ಕನೆಯ ಕಾರಣವಾದ ಸಂಕಟದ ಮಾರಾಟವೇ ಎಲ್ಲಕ್ಕಿಂತ ಕಠಿಣವಾದುದು. 2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ಮದುವೆಗಳು ನಿಂತವು, ಮಗ್ಗಗಳೂ ನಿಂತವು. ನೇಯ್ದ ಸೀರೆಗಳು ನೇಕಾರರ ಮನೆಗಳಲ್ಲಿಯೇ ರಾಶಿಯಾಗಿ ಉಳಿದವು. ನೂಲಿನ ಸಾಲ, ಮನೆಯ ಬಾಡಿಗೆಗಳ ಒತ್ತಡಕ್ಕೆ ಸಿಕ್ಕವನು ಅಸಲಿಗಿಂತ ಕಡಿಮೆಗೂ ಮಾರಲು ಒಪ್ಪುತ್ತಾನೆ. ಆಗ ಕೊಳ್ಳುವುದು ಉಪಕಾರವೋ ಅಪಹಾರವೋ? ಕೊಳ್ಳದೆ ಬಿಟ್ಟರೆ ಅವನ ಒಲೆ ಉರಿಯದು. ಅವನು ಒಪ್ಪಿದ ಬೆಲೆಗೆ ಕೊಂಡರೆ ಅವನ ಸಂಕಟವೇ ಕೊಂಡವನ ಲಾಭವಾಗುತ್ತದೆ. ಪೂಜ್ಯಪಾದರ ಮಾತು ಇಲ್ಲಿ ದಾರಿ ತೋರುತ್ತದೆ. ವ್ಯವಸ್ಥೆ ಕೆಟ್ಟ ಕಾಲದಲ್ಲಿ ಕೊಳ್ಳುವುದು ದೋಷವಲ್ಲ. ವ್ಯವಸ್ಥೆ ಕೆಟ್ಟಿದೆಯೆಂದೇ ಉಚಿತಕ್ಕಿಂತ ಕಡಿಮೆಗೆ ಕೊಳ್ಳಲು ಹವಣಿಸುವುದು ದೋಷ. ಸಂಕಟದಲ್ಲಿರುವವನಿಂದ ಒಳ್ಳೆಯ ಕಾಲದ ಬೆಲೆಗೇ ಕೊಳ್ಳುವುದು ಶ್ರಾವಕನಿಗೆ ಯೋಗ್ಯವಾದ ಮಾರ್ಗ. ಚಿಕ್ಕಪೇಟೆಯ ಜವಳಿ ವ್ಯಾಪಾರದಲ್ಲಿ ಜೈನ ಮನೆತನಗಳು ಬಹುಕಾಲದಿಂದ ನೆಲೆನಿಂತಿರುವುದರಿಂದ ಈ ಮಾತು ಸಮಾಜಕ್ಕೆ ಗ್ರಾಹಕನಾಗಿ ಮಾತ್ರವಲ್ಲ, ಸಗಟು ಕೊಳ್ಳುವ ವರ್ತಕನಾಗಿಯೂ ಅನ್ವಯಿಸುತ್ತದೆ.

ದೊಡ್ಡಬಳ್ಳಾಪುರದ ಅಪೇರಲ್ ಪಾರ್ಕ್ ಮೊದಲಾದ ಕಡೆಗಳಲ್ಲಿ ಹೊಲಿಗೆಯ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು. ಗಂಟೆಗೆ ಇಷ್ಟು ತುಂಡುಗಳೆಂಬ ಗುರಿಯೇ ಅವರ ಗಡಿಯಾರ. ಕರ್ನಾಟಕದ ಅನೇಕ ಗಾರ್ಮೆಂಟ್ ಕಾರ್ಖಾನೆಗಳಲ್ಲಿ 2020ರ ಏಪ್ರಿಲ್‌ನಿಂದ ಸಲ್ಲಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ ಸುಮಾರು 417 ರೂಪಾಯಿ, ಲಕ್ಷಾಂತರ ಕಾರ್ಮಿಕರಿಗೆ ದೊರೆಯಲಿಲ್ಲ. ವಿಷಯ ನ್ಯಾಯಾಲಯದವರೆಗೂ, ಹೊರದೇಶಗಳ ಪತ್ರಿಕೆಗಳವರೆಗೂ ಹೋದ ಮೇಲೆ 2022ರಲ್ಲಿ ಹಲವು ಕಾರ್ಖಾನೆಗಳು ಬಾಕಿಯನ್ನು ಪಾವತಿ ಮಾಡತೊಡಗಿದವು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ ಎಂಬುದೊಂದಿದೆ. ನ್ಯಾಯವಾದ ಹೊರೆಗಿಂತ ಹೆಚ್ಚನ್ನು ದನಕರುಗಳ ಮೇಲೆ ಹೇರುವುದೆಂದು ಅದರ ವಿವರಣೆ. ಎತ್ತಿನ ಬೆನ್ನಿಗೆ ತೋರಿದ ಕನಿಕರವನ್ನು ಹೊಲಿಗೆಯಂತ್ರದ ಮುಂದೆ ಬಾಗಿದ ಬೆನ್ನಿಗೆ ತೋರದಿರಲು ಕಾರಣವೇ ಇಲ್ಲ. ಆದರೆ ಇಲ್ಲಿ ಒಂದು ಭ್ರಮೆಯನ್ನೂ ಬಿಡಬೇಕು. ಪೂರ್ಣ ಬೆಲೆ ಕೊಟ್ಟು ದೊಡ್ಡ ಅಂಗಡಿಯಲ್ಲಿ ಕೊಂಡ ಮಾತ್ರಕ್ಕೆ ಆ ಹಣ ಹೊಲಿದವಳಿಗೆ ತಲಪುವುದಿಲ್ಲ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಮಡಿದಾಗ ಅಲ್ಲಿ ಹೊಲಿಯುತ್ತಿದ್ದುದರಲ್ಲಿ ಪ್ರಸಿದ್ಧ ಹೆಸರಿನ ಉಡುಪುಗಳೂ ಇದ್ದವು. ಹೆಚ್ಚು ಬೆಲೆಯೆಂಬುದು ನಿರ್ದೋಷತೆಯ ಪ್ರಮಾಣಪತ್ರವಲ್ಲ.

ಬಡವರಿಗೆ ಅಗ್ಗದ ಬಟ್ಟೆ ಬೇಡವೇ ಎಂದು ಕೆಲವರು ಆಕ್ಷೇಪಿಸಬಹುದು. ಮೈಮುಚ್ಚಲು ಬಟ್ಟೆ ಬೇಕಾದವನು ಅಗ್ಗವನ್ನು ಅರಸುವುದು ಸಹಜ. ಅವನನ್ನು ಕುರಿತು ಈ ವಿಚಾರವಲ್ಲ. ಅಲಮಾರು ತುಂಬಿರುವಾಗಲೂ ಅಗ್ಗವೆಂಬ ಒಂದೇ ಕಾರಣಕ್ಕೆ ಆರನೆಯ ಅಂಗಿಯನ್ನು, ಹತ್ತನೆಯ ಸೀರೆಯನ್ನು ತರುವವನನ್ನು ಕುರಿತು ಈ ವಿಮರ್ಶೆ. ಪರಿಗ್ರಹಪರಿಮಾಣವ್ರತದಲ್ಲಿ ಮಿತಿಗೊಳಪಡಿಸಬೇಕಾದ ವಸ್ತುಗಳ ಪೈಕಿ ಕುಪ್ಯ ಎಂಬುದು ಸೇರಿದೆ; ಹತ್ತಿ, ರೇಷ್ಮೆ ಮೊದಲಾದ ವಸ್ತ್ರಗಳು ಅದರಲ್ಲಿ ಬರುತ್ತವೆ. ಮನೆ, ನಿವೇಶನ, ಬಂಗಾರಗಳಿಗೆ ಮಿತಿ ಹಾಕಿಕೊಂಡ ವ್ರತಿಗಳು ಕೂಡ ಬಟ್ಟೆಯನ್ನು ಎಣಿಸಿರುವುದು ಅಪರೂಪ. ಅರ್ಧ ಬೆಲೆಗೆ ಎರಡು ಕೊಂಡವನು ಉಳಿಸಿದ್ದೇನೂ ಇಲ್ಲ. ಬೇಡದ ಒಂದನ್ನು ಮನೆಗೆ ತಂದನಷ್ಟೆ.

ಆದುದರಿಂದ ವಸ್ತ್ರವನ್ನು ಕೈಗೆತ್ತಿಕೊಂಡಾಗ ಶ್ರಾವಕ ಶ್ರಾವಿಕೆಯರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು: ಇದರ ಮೇಲಿನ ಹೆಸರು ನಿಜವೇ? ಇದು ಬಂದ ದಾರಿ ನೇರವೇ? ಇದರ ಬೆಲೆ ಇಳಿದದ್ದು ಯಾರ ಸಂಕಟದಿಂದ? ಇದು ತಮಗೆ ಬೇಕೇ? ಮೊದಲ ಮೂರಕ್ಕೆ ಅಂಗಡಿಯವನಿಂದ ಯಾವಾಗಲೂ ಪೂರ್ಣ ಉತ್ತರ ದೊರೆಯಲಾರದು. ನಾಲ್ಕನೆಯದಕ್ಕೆ ಉತ್ತರ ಕೊಳ್ಳುವವರಲ್ಲಿಯೇ ಇದೆ. ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ಅರ್ಥವನ್ನು ಕೇಳಿ, ಲೋಭವನ್ನು ತೊಳೆಯುವುದೇ ಶುಚಿತ್ವವೆಂದು ತಲೆದೂಗಿ ಬರುವವರು ಅಂದೇ ಮನೆಯಲ್ಲಿ ಅಲಮಾರಿನ ಬಾಗಿಲು ತೆರೆದು ಬಟ್ಟೆಗಳನ್ನು ಎಣಿಸಿ, ಒಂದು ಸಂಖ್ಯೆಯನ್ನು ನಿಯಮವಾಗಿ ಸ್ವೀಕರಿಸಿದರೆ, ಅಗ್ಗದ ಮಾತು ತಾನಾಗಿಯೇ ತನ್ನ ಆಕರ್ಷಣೆಯನ್ನು ಕಳೆದುಕೊಳ್ಳುತ್ತದೆ. ಆಗ ಕೊಳ್ಳಬೇಕಾದ ಒಂದು ಸೀರೆಗೆ ನೇಕಾರನು ಕೇಳಿದ ನ್ಯಾಯವಾದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡುವುದೂ ಕಷ್ಟವೆನಿಸಲಾರದು.